ಬೆನ್ನ ಮೇಲಣ ನೀರು

ನೀರನ್ನು ಹೊತ್ತು ನಡೆಯುವುದು ಮಾನವನ ಅತಿ ಪುರಾತನವಾದ ಶ್ರಮಗಳಲ್ಲಿ ಒಂದು. ನಮ್ಮ ರೈತನು ಹೊಲಕ್ಕೆ ಹೊರಡುವಾಗ ಒಣಗಿದ ಸೋರೆಬುರುಡೆಯಲ್ಲಿ ನೀರು ತುಂಬಿ ಹೆಗಲಿಗೆ ತೂಗುಹಾಕಿಕೊಳ್ಳುತ್ತಿದ್ದನು. ಉತ್ತರ ಹಿಂದೂಸ್ಥಾನದ ಭಿಸ್ತಿಯು ಆಡಿನ ತೊಗಲಿನ ಮಶಕವನ್ನು ಬೆನ್ನಿಗೆ ಹೇರಿಕೊಂಡು ದಂಡಿನ ಹಿಂದೆ ನಡೆಯುತ್ತಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಸೈನಿಕನ ನಡುಪಟ್ಟಿಗೆ ಅಲ್ಯೂಮಿನಿಯಮ್ಮಿನ ನೀರಿನ ಬಾಟಲಿ ಬಂದಿತು. ಮುಂದೆ ಅದರ ಸ್ಥಾನವನ್ನು ಪ್ಲಾಸ್ಟಿಕ್ಕು ಹಿಡಿಯಿತು. ಇವೆಲ್ಲಕ್ಕೂ ಒಂದು ಸಮಾನವಾದ ಕುಂದು ಉಂಟು. ನೀರು ಕುಡಿಯಬೇಕಾದರೆ ನಿಲ್ಲಬೇಕು, ಕೈಯಲ್ಲಿರುವುದನ್ನು ಕೆಳಗಿಡಬೇಕು, ಮುಚ್ಚಳ ತೆಗೆಯಬೇಕು. ಏದುಸಿರು ಬಿಡುತ್ತ ಬೆಟ್ಟವನ್ನು ಏರುವವನಿಗೆ ಇಷ್ಟೂ ಕೆಲಸ ಬೇಸರ ತರುತ್ತದೆ. ‘ಮುಂದಿನ ತಿರುವಿನಲ್ಲಿ ಕುಡಿದರಾಯಿತು’ ಎಂದು ಆತನು ಮುಂದೂಡುತ್ತಾನೆ. ಆ ತಿರುವು ಬಂದಾಗ ಮತ್ತೊಂದು ತಿರುವು ಕಾಣಿಸುತ್ತದೆ.

ಈ ಕುಂದನ್ನು ನೀಗಿದ ಸಾಧನವೇ ಇಂದು ಅಂಗಡಿಗಳಲ್ಲಿ ಹೈಡ್ರೇಷನ್ ಪ್ಯಾಕ್ ಎಂಬ ಹೆಸರಿನಿಂದ ಮಾರಾಟವಾಗುತ್ತಿರುವ ಬೆನ್ನುಚೀಲ. ನಾವು ಇದನ್ನು ನೀರಚೀಲವೆಂದೇ ಕರೆಯೋಣ. ಇದರ ಹುಟ್ಟು ಸ್ವಾರಸ್ಯವಾದುದು. ೧೯೮೯ರಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ, ಸುಡುಬೇಸಿಗೆಯ ನಡುವೆ ನಡೆಯುವ ನೂರು ಮೈಲಿಗಳ ಸೈಕಲ್ ಸವಾರಿಗೆ ಮೈಕೇಲ್ ಐಡ್ಸನ್ ಎಂಬಾತನು ಸಿದ್ಧನಾದನು. ವೃತ್ತಿಯಿಂದ ಆತನು ತುರ್ತು ಚಿಕಿತ್ಸೆಯ ಸಹಾಯಕ. ರೋಗಿಗಳ ರಕ್ತನಾಳಕ್ಕೆ ಲವಣದ್ರಾವಣ ಹರಿಸುವ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದುಕೊಂಡು ಅದರಲ್ಲಿ ನೀರು ತುಂಬಿ, ಉದ್ದನೆಯ ಕಾಲುಚೀಲದೊಳಗೆ ತುರುಕಿ, ಅದನ್ನು ಅಂಗಿಯ ಬೆನ್ನಿಗೆ ಸಿಕ್ಕಿಸಿ, ನಳಿಕೆಯನ್ನು ಹೆಗಲ ಮೇಲಿಂದ ಮುಂದಕ್ಕೆ ತಂದು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅದರ ಬಾಯಿಯನ್ನು ಬಿಗಿದನು. ಮುಂದೆ ಕ್ಯಾಮೆಲ್‌ಬ್ಯಾಕ್ ಎಂದು ಪ್ರಸಿದ್ಧವಾದ ಚೀಲದ ಮೂಲ ಇದೇ. ಸೈಕಲ್ ಸವಾರರಿಂದ ಬೆಟ್ಟ ಹತ್ತುವವರಿಗೂ, ಅವರಿಂದ ಸೈನಿಕರಿಗೂ ಇದು ಹಬ್ಬಿತು. ನಮ್ಮ ಕಾಲೇಜುಗಳ ಎನ್.ಸಿ.ಸಿ. ವಿದ್ಯಾರ್ಥಿಗಳ ಬೆನ್ನಿನ ಮೇಲೂ ಚಾರಣಕ್ಕೆ ಹೊರಟ ತಂಡಗಳಲ್ಲಿಯೂ ಇದನ್ನು ಈಗ ಕಾಣಬಹುದು.

ಅಂಗಡಿಗೆ ಹೋದರೆ ಒಂದೂವರೆ ಲೀಟರು, ಎರಡು ಲೀಟರು, ಮೂರು ಲೀಟರು ಎಂದು ಹಲವು ಗಾತ್ರಗಳು. ಹತ್ತಾರು ಜೇಬುಗಳು, ಪಟ್ಟಿಗಳು, ಬಣ್ಣಗಳು. ಕೊಳ್ಳುವವನು ಬಣ್ಣವನ್ನೂ ಜೇಬುಗಳನ್ನೂ ನೋಡಿ ಮರುಳಾಗುವುದು ಸಹಜ. ಆದರೆ ಆರಿಸತಕ್ಕ ರೀತಿ ಇದಲ್ಲ. ಚೀಲದ ಗಾತ್ರವನ್ನು ನಿರ್ಣಯಿಸುವುದು ಅಂಗಡಿಯಲ್ಲ, ನಮ್ಮ ಮೈಯ ಬೆವರು. ಆದುದರಿಂದ ಮೊದಲು ಬೆವರಿನ ಲೆಕ್ಕವನ್ನು ವಿಚಾರಿಸೋಣ.

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತವನ್ನು ಏರುವ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಪರ್ವತದ ಶಿಖರ ಸಮುದ್ರಮಟ್ಟದಿಂದ ೧೭೧೨ ಮೀಟರು ಎತ್ತರದಲ್ಲಿದೆ. ನಡಿಗೆ ಆರಂಭವಾಗುವ ಸ್ಥಳವಾದರೋ ಘಟ್ಟದ ಬುಡದಲ್ಲಿದೆ. ಏರಬೇಕಾದ ಎತ್ತರವನ್ನು ಸುಮಾರು ೧೬೦೦ ಮೀಟರೆಂದು ಹಿಡಿಯೋಣ. ವಿದ್ಯಾರ್ಥಿಯ ತೂಕ ೬೦ ಕಿಲೊಗ್ರಾಂ, ಬೆನ್ನಿನ ಹೊರೆ ೧೦ ಕಿಲೊಗ್ರಾಂ, ಒಟ್ಟು ೭೦. ಇಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಕೆಲಸ ೭೦ × ೯.೮ × ೧೬೦೦, ಎಂದರೆ ಸುಮಾರು ಹನ್ನೊಂದು ಲಕ್ಷ ಜೂಲುಗಳು. ಇದನ್ನು ಶಾಖದ ಮಾನಕ್ಕೆ ತಂದರೆ ೨೬೨ ಕಿಲೊಕ್ಯಾಲರಿಗಳಾಗುತ್ತವೆ. ಕೆಲವೇ ಇಡ್ಲಿಗಳ ಶಕ್ತಿ! ಇಷ್ಟೇ ಆಗಿದ್ದರೆ ಬೆಟ್ಟ ಹತ್ತುವುದು ಮಕ್ಕಳ ಆಟವಾಗುತ್ತಿತ್ತು.

ಆದರೆ ನಮ್ಮ ಸ್ನಾಯುಗಳು ಅಷ್ಟು ದಕ್ಷವಾದ ಯಂತ್ರಗಳಲ್ಲ. ಅವು ವ್ಯಯಮಾಡುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಪಾಲು ಮಾತ್ರ ಕೆಲಸವಾಗಿ ಮಾರ್ಪಡುತ್ತದೆ, ಮಿಕ್ಕುದೆಲ್ಲವೂ ಶಾಖ. ನೂರಕ್ಕೆ ಇಪ್ಪತ್ತೆಂದು ಲೆಕ್ಕ ಹಾಕಿದರೆ, ೨೬೨ ಕಿಲೊಕ್ಯಾಲರಿ ಕೆಲಸಕ್ಕಾಗಿ ನಮ್ಮ ವಿದ್ಯಾರ್ಥಿಯು ೧೩೧೦ ಕಿಲೊಕ್ಯಾಲರಿಗಳನ್ನು ವ್ಯಯಮಾಡಬೇಕು. ಅದರಲ್ಲಿ ೧೦೫೦ರಷ್ಟು ಅವನ ಮೈಯಲ್ಲೇ ಶಾಖವಾಗಿ ಉಳಿಯುತ್ತದೆ. ಏರಲು ಆರು ಗಂಟೆ ಹಿಡಿಯಿತೆನ್ನಿ; ಗಂಟೆಗೆ ೧೭೫ ಕಿಲೊಕ್ಯಾಲರಿಯಾಯಿತು. ೬೦ ಕಿಲೊಗ್ರಾಂ ತೂಕದ ದೇಹದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು ೫೦ ಕಿಲೊಕ್ಯಾಲರಿ ಸಾಕು. ಎಂದಮೇಲೆ, ಈ ಶಾಖ ಹೊರಹೋಗದಿದ್ದರೆ ಒಂದೇ ಗಂಟೆಯಲ್ಲಿ ದೇಹವು ೩೭ ಡಿಗ್ರಿಯಿಂದ ೪೦ ಡಿಗ್ರಿಯನ್ನು ದಾಟುತ್ತದೆ. ಅದು ಉಷ್ಣಾಘಾತದ, ಅರ್ಥಾತ್ ಪ್ರಾಣಾಪಾಯದ ಗೆರೆ.

ಹಾಗಾಗದಂತೆ ನಮ್ಮನ್ನು ಕಾಪಾಡುವುದು ಬೆವರಿನ ಬಾಷ್ಪೀಭವನ. ಚರ್ಮದ ಮೇಲೆ ಒಂದು ಗ್ರಾಂ ಬೆವರು ಆವಿಯಾದರೆ ಅದು ಸುಮಾರು ೫೮೦ ಕ್ಯಾಲರಿ ಶಾಖವನ್ನು ಹೀರಿಕೊಂಡು ಹೋಗುತ್ತದೆಂದು ಭೌತಶಾಸ್ತ್ರ ಕಲಿತ ವಿದ್ಯಾರ್ಥಿಗಳಿಗೆ ತಿಳಿದಿದೆ, ಇದೇ ಗುಪ್ತೋಷ್ಣ. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ೫೮೦ ಕಿಲೊಕ್ಯಾಲರಿ. ನಮ್ಮ ೧೦೫೦ನ್ನು ೫೮೦ರಿಂದ ಭಾಗಿಸಿದರೆ ೧.೮ ಲೀಟರು ಬರುತ್ತದೆ. ಸ್ವಲ್ಪ ಶಾಖವನ್ನು ಗಾಳಿಯು ನೇರವಾಗಿಯೇ ಒಯ್ಯುತ್ತದೆ, ನಿಜ. ಆದರೆ ಸುಮ್ಮನೆ ಕುಳಿತಿದ್ದಾಗಲೂ ಹುಟ್ಟುವ ಶಾಖ, ಅಡ್ಡದಾರಿಯ ನಡಿಗೆಯ ಶಾಖ, ನೆತ್ತಿಯ ಬಿಸಿಲು ಇವುಗಳನ್ನು ನಾವಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಮೇಲಾಗಿ ‘ಪೂರ್ತಿ ಆವಿಯಾದರೆ’ ಎಂಬ ಮಾತನ್ನು ಗಮನಿಸಬೇಕು. ಪಶ್ಚಿಮಘಟ್ಟದ ತಪ್ಪಲಿನ ಕಾಡಿನಲ್ಲಿ ಗಾಳಿ ತೇವದಿಂದ ತುಂಬಿರುತ್ತದೆ. ಅಲ್ಲಿ ಬೆವರು ಆವಿಯಾಗದೆ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ನೆಲಕ್ಕೆ ಬಿದ್ದ ಬೆವರು ಮೈಯನ್ನು ತಣಿಸುವುದಿಲ್ಲ. ಅದು ದೇಹಕ್ಕೆ ಶುದ್ಧ ನಷ್ಟ. ಆದಕಾರಣ ತಣಿವು ಅಷ್ಟೇ ಬೇಕಾದರೂ ಬೆವರು ಹೆಚ್ಚು ಸುರಿಯುತ್ತದೆ. ಏರಿಕೆಗೆ ಎರಡೂವರೆಯಿಂದ ಮೂರು ಲೀಟರು, ಕೆಲವರಲ್ಲಿ ಅದಕ್ಕೂ ಹೆಚ್ಚು ಎಂದು ತಿಳಿಯುವುದು ಲೇಸು. ಇಳಿಯುವಾಗ ಬೆವರು ಬಾರದೆಂದು ಭಾವಿಸಬೇಡಿರಿ. ಏರುವಾಗ ಗಳಿಸಿಟ್ಟ ಆ ೨೬೨ ಕಿಲೊಕ್ಯಾಲರಿಗಳೂ ಇಳಿಯುವಾಗ ತೊಡೆಯ ಸ್ನಾಯುಗಳಲ್ಲಿ ಶಾಖವಾಗಿ ಹಿಂದಿರುಗುತ್ತವೆ!

ಸೈನಿಕನ ಲೆಕ್ಕ ಇದಕ್ಕಿಂತ ಕಠಿನ. ಇಪ್ಪತ್ತೈದು ಕಿಲೊಗ್ರಾಂ ಹೊರೆಯೊಡನೆ, ದಪ್ಪ ಉಡುಪಿನಲ್ಲಿ, ತನ್ನ ಇಷ್ಟದಂತಲ್ಲದೆ ತುಕಡಿಯ ವೇಗದಲ್ಲಿ ಆತನು ನಡೆಯಬೇಕು. ಬಿಸಿಲಿನಲ್ಲಿ ಅಂಥವನು ಗಂಟೆಗೆ ಒಂದರಿಂದ ಒಂದೂವರೆ ಲೀಟರು ಬೆವರುವುದು ಅಪರೂಪವಲ್ಲ. ಮೊದಲು ಕೆಲವು ಸೈನ್ಯಾಧಿಕಾರಿಗಳಲ್ಲಿ ಒಂದು ನಂಬಿಕೆಯಿತ್ತು. ಹಸಿವನ್ನು ತಾಳಲು ಕಲಿಸುವಂತೆ ಬಾಯಾರಿಕೆಯನ್ನು ತಾಳಲೂ ಕಲಿಸಬಹುದು, ಅಭ್ಯಾಸವಾದರೆ ಕಡಿಮೆ ನೀರಿನಲ್ಲಿ ದೇಹ ನಡೆಯುತ್ತದೆ ಎಂದು ಅವರು ತಿಳಿದಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೋಚೆಸ್ಟರ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಅಡಾಲ್ಫ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಸೈನಿಕರನ್ನು ನಡೆಸಿ, ತೂಗಿ, ಅಳೆದು ಈ ನಂಬಿಕೆ ಸುಳ್ಳೆಂದು ತೋರಿಸಿದರು. ಅವರ ಗ್ರಂಥ ೧೯೪೭ರಲ್ಲಿ ಪ್ರಕಟವಾಯಿತು. ಬಿಸಿಲಿಗೆ ಒಗ್ಗಿದ ದೇಹ ಬೆವರಿನಲ್ಲಿ ಉಪ್ಪನ್ನು ಉಳಿಸಲು ಕಲಿಯುತ್ತದೆ, ನೀರನ್ನು ಉಳಿಸಲು ಕಲಿಯುವುದಿಲ್ಲ. ಬದಲಾಗಿ ಬೇಗನೆಯೂ ಹೆಚ್ಚಾಗಿಯೂ ಬೆವರುತ್ತದೆ. ಅಡಾಲ್ಫರ ತಂಡ ಗುರುತಿಸಿದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹತ್ತಿರವಾದುದು. ಕಣ್ಣೆದುರಿಗೆ ನೀರಿದ್ದರೂ, ಬಿಸಿಲಿನಲ್ಲಿ ದುಡಿಯುವವನು ಕಳೆದುಕೊಂಡಷ್ಟನ್ನು ಆಗಲೇ ಕುಡಿಯುವುದಿಲ್ಲ. ಕೊರತೆಯನ್ನು ಊಟದ ಹೊತ್ತಿನವರೆಗೆ ಹೊತ್ತುಕೊಂಡೇ ನಡೆಯುತ್ತಾನೆ. ಇದಕ್ಕೆ ಅವರು ಸ್ವಯಂಪ್ರೇರಿತ ನಿರ್ಜಲತೆ ಎಂಬ ಅರ್ಥದ ಹೆಸರಿಟ್ಟರು.

ಬಾಯಾರಿಕೆಯು ಅಷ್ಟು ಸೋಮಾರಿಯೇ? ಪೂರ್ಣವಾಗಿ ಅಲ್ಲ. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಹೆಚ್ಚಿದೊಡನೆ ಮಿದುಳು ಬಾಯಾರಿಕೆಯ ಗಂಟೆಯನ್ನು ಬಾರಿಸುತ್ತದೆ. ಆದರೆ ದಣಿವು, ಆತುರ, ಜೊತೆಗಾರರ ಮುಂದೆ ನಿಲ್ಲುವ ಸಂಕೋಚ, ಬಾಟಲಿ ಚೀಲದ ತಳದಲ್ಲಿರುವುದು ಇವುಗಳ ನಡುವೆ ಆ ಗಂಟೆ ಕೇಳಿಸದೆ ಹೋಗುತ್ತದೆ. ದೇಹದ ತೂಕದ ನೂರಕ್ಕೆ ಎರಡು ಪಾಲಿನಷ್ಟು, ಎಂದರೆ ೬೦ ಕಿಲೊಗ್ರಾಂ ತೂಕದವನಿಗೆ ೧.೨ ಲೀಟರು ನೀರು ಕಳೆದ ಮೇಲೆ ಕೊರತೆಯ ಪರಿಣಾಮ ಕೆಲಸದಲ್ಲಿ ತೋರತೊಡಗುತ್ತದೆ. ರಕ್ತದ ಪ್ರಮಾಣ ಇಳಿಯುತ್ತದೆ. ಅದನ್ನು ಸರಿದೂಗಿಸಲು ಹೃದಯವು ವೇಗವಾಗಿ ಬಡಿಯುತ್ತದೆ. ಚರ್ಮಕ್ಕೆ ಹರಿಯುವ ರಕ್ತ ಕಡಮೆಯಾಗಿ ಶಾಖ ಒಳಗೇ ನಿಲ್ಲುತ್ತದೆ. ನೀರಚೀಲದ ನಿಜವಾದ ಉಪಕಾರ ಇಲ್ಲಿದೆ. ಅದು ನೀರನ್ನು ಹೆಚ್ಚಿಸುವುದಿಲ್ಲ. ಬಾಯಿಗೂ ನೀರಿಗೂ ನಡುವಣ ದೂರವನ್ನು ಒಂದು ಗೇಣಿಗೆ ಇಳಿಸುತ್ತದೆ. ಬಾಯಾರಿಕೆ ಸುಳಿದೊಡನೆ ಎರಡು ಗುಟುಕು ಒಳಹೋಗುತ್ತದೆ. ಜಠರಕ್ಕೂ ಇದು ಹಿತ. ಒಮ್ಮೆಗೇ ಮುಕ್ಕಾಲು ಲೀಟರು ಸುರಿದುಕೊಂಡು ಹೊಟ್ಟೆ ಕುಲುಕುತ್ತ ಏರುವುದು ಯಾರಿಗೂ ಸುಖವಲ್ಲ.

ಇನ್ನು ಚೀಲದ ಒಳಗನ್ನು ನೋಡೋಣ. ಮೆತ್ತನೆಯ ಪ್ಲಾಸ್ಟಿಕ್ ಹಾಳೆಗಳನ್ನು, ಉತ್ತಮವಾದವುಗಳಲ್ಲಿ ಪಾಲಿಯುರೇಥೇನಿನ ಹಾಳೆಗಳನ್ನು, ಅಂಚಿನಲ್ಲಿ ಬೆಸೆದು ಮಾಡಿದ ಕೋಶ. ಅದರ ತಳದಿಂದ ಹೊರಟು ಹೆಗಲ ಮೇಲೆ ಬರುವ ಒಂದು ಮೀಟರಿನಷ್ಟು ನಳಿಕೆ. ನಳಿಕೆಯ ತುದಿಯಲ್ಲಿ ಹಲ್ಲಿನಿಂದ ಕಚ್ಚಿದರೆ ಸೀಳು ತೆರೆಯುವ ಸಿಲಿಕೋನಿನ ಬಾಯಿ. ಇಷ್ಟೇ ಯಂತ್ರ. ಕುಡಿಯುವವನು ತಾನು ನೀರನ್ನು ಎಳೆಯುತ್ತೇನೆಂದು ತಿಳಿಯುತ್ತಾನೆ. ವಾಸ್ತವವಾಗಿ ಆತನು ಬಾಯೊಳಗಿನ ಒತ್ತಡವನ್ನು ಕೊಂಚ ತಗ್ಗಿಸುತ್ತಾನೆ. ನೀರನ್ನು ಮೇಲಕ್ಕೆ ತಳ್ಳುವುದು ಚೀಲವನ್ನು ಸುತ್ತಲಿನಿಂದ ಅಮುಕುತ್ತಿರುವ ವಾಯುಮಂಡಲ. ವಾಯುಮಂಡಲದ ಪೂರ್ಣ ಒತ್ತಡ ಹತ್ತು ಮೀಟರಿಗೂ ಮಿಗಿಲಾದ ನೀರಿನ ಕಂಬವನ್ನು ಎತ್ತಿಹಿಡಿಯಬಲ್ಲದು. ನಮಗೆ ಬೇಕಾದುದು ಮೂವತ್ತು ನಲವತ್ತು ಸೆಂಟಿಮೀಟರು ಮಾತ್ರ; ನೂರಕ್ಕೆ ಮೂರು ನಾಲ್ಕು ಪಾಲು. ಚೀಲದ ಮೇಲೆ ಬಟ್ಟೆಬರೆಗಳು ಒತ್ತಿಕೊಂಡಿದ್ದರೆ ಅಷ್ಟೂ ಬೇಡ; ಕಚ್ಚಿದೊಡನೆ ನೀರು ತಾನೇ ಚಿಮ್ಮುತ್ತದೆ.

ಗಾಜಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಬಾಟಲಿಯಿಂದ ನೀರು ಹೊರಬಂದಷ್ಟೂ ಗಾಳಿ ಒಳಹೋಗಬೇಕು. ಹೋಗದಿದ್ದರೆ ಹರಿವು ನಿಲ್ಲುತ್ತದೆ. ಮೆತ್ತನೆಯ ಕೋಶವಾದರೋ ನೀರು ಕಡಿಮೆಯಾದಂತೆ ತಾನೇ ಕುಗ್ಗುತ್ತದೆ, ಗಾಳಿಯನ್ನು ಬೇಡುವುದಿಲ್ಲ. ಇದರಿಂದ ಒದಗುವ ಲಾಭವನ್ನು ಸೈನಿಕನೇ ಚೆನ್ನಾಗಿ ಬಲ್ಲ. ತುಂಬಿದ ಕೊಡ ತುಳುಕುವುದಿಲ್ಲ. ಅರ್ಧ ಖಾಲಿಯಾದ ಬಾಟಲಿ ಹೆಜ್ಜೆಹೆಜ್ಜೆಗೂ ಗುಳುಗುಳು ಎನ್ನುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಶತ್ರುವಿಗೆ ಆ ಶಬ್ದವೇ ಸಾಕು. ನೀರಚೀಲ ಅರ್ಧ ಖಾಲಿಯಾದರೂ ತುಂಬಿದ ಕೊಡವೇ. ಆದರೆ ತುಂಬುವಾಗ ಒಳಗೆ ಉಳಿದ ಗಾಳಿಯನ್ನು ತೆಗೆಯಬೇಕು. ಮುಚ್ಚಳ ಬಿಗಿದ ಮೇಲೆ ಚೀಲವನ್ನು ತಲೆಕೆಳಗಾಗಿ ಹಿಡಿದು ನಳಿಕೆಯಿಂದ ಗಾಳಿಯನ್ನು ಹೀರಿಬಿಟ್ಟರೆ ಆಯಿತು.

ನಳಿಕೆಯ ಒಳಅಗಲ ಚಿಕ್ಕ ವಿಷಯವೆಂದು ತೋರಬಹುದು. ನೀರು ಪ್ರಶಾಂತವಾಗಿ ಹರಿಯುವಾಗ ಅದರ ಪ್ರಮಾಣವು ನಳಿಕೆಯ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆಂಬುದು ಪ್ವಾಸೇಯ್ ಎಂಬ ಫ್ರೆಂಚ್ ವೈದ್ಯನು ಕಂಡ ನಿಯಮ. ಅಗಲ ಅರ್ಧವಾದರೆ ಹರಿವು ಹದಿನಾರರಲ್ಲೊಂದು ಪಾಲಾಗುತ್ತದೆ! ಏದುಸಿರಿನಲ್ಲಿರುವವನಿಗೆ ಹೀರುವ ಶ್ರಮ ಬಹು ದೊಡ್ಡದು, ಏಕೆಂದರೆ ಅಷ್ಟು ಹೊತ್ತು ಆತನು ಉಸಿರನ್ನು ಹಿಡಿಯಬೇಕು. ಅಂಗಡಿಯಲ್ಲಿ ಸಾಧ್ಯವಿದ್ದರೆ ನೀರು ತುಂಬಿಸಿ ಹೀರಿ ನೋಡುವುದು ಒಳ್ಳೆಯದು; ಕಚ್ಚುವ ಬಾಯಿಯ ಸೀಳು ಅಂಟಿಕೊಂಡಿದ್ದರೂ ಇದೇ ತೊಂದರೆ. ಒಳಅಗಲ ಆರು ಮಿಲಿಮೀಟರು, ಉದ್ದ ಒಂದು ಮೀಟರು ಇರುವ ನಳಿಕೆಯಲ್ಲಿ ಸುಮಾರು ೨೮ ಮಿಲಿಲೀಟರು ನೀರು ನಿಂತಿರುತ್ತದೆ. ಬಿಸಿಲಿನಲ್ಲಿ ಮೊದಲ ಗುಟುಕು ಕಾದ ಕಷಾಯದಂತಿರುವುದು ಇದರಿಂದಲೇ. ಹಿಮಪ್ರದೇಶದಲ್ಲಿ ಅದೇ ನೀರು ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುತ್ತದೆ. ಹಿಮಾಲಯದ ಶಿಬಿರಗಳಿಗೆ ಹೋಗುವವರು ನಳಿಕೆಗೆ ಕವಚವಿರುವ ಚೀಲವನ್ನೇ ಆರಿಸಬೇಕು. ಕುಡಿದಾದ ಮೇಲೆ ನಳಿಕೆಗೆ ಊದಿ ನೀರನ್ನು ಹಿಂದಕ್ಕೆ ಕಳುಹಿಸುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕು. ನಮ್ಮ ಘಟ್ಟಗಳಿಗೆ ಕವಚ ಬೇಡ.

ಮೂರು ಲೀಟರು ನೀರೆಂದರೆ ಮೂರು ಕಿಲೊಗ್ರಾಂ. ಅದು ಬೆನ್ನಿಗೆ ಅಂಟಿದಂತಿರಬೇಕು. ಬೆನ್ನಿನಿಂದ ೮ ಸೆಂಟಿಮೀಟರು ದೂರದಲ್ಲಿದ್ದಾಗ ದೇಹವನ್ನು ಹಿಂದಕ್ಕೆ ಜಗ್ಗುವ ಭ್ರಾಮಕಕ್ಕೆ ಹೋಲಿಸಿದರೆ, ೨೫ ಸೆಂಟಿಮೀಟರು ದೂರದಲ್ಲಿದ್ದಾಗ ಅದು ಮೂರು ಪಟ್ಟು ಮೀರುತ್ತದೆ. ಆದುದರಿಂದ ಚೀಲದಲ್ಲಿ ಬೆನ್ನಿನ ಬದಿಗೇ ಕೋಶದ ಜೇಬು ಇರಬೇಕು. ಕೋಶವನ್ನು ಮೇಲಿನಿಂದ ತೂಗುಹಾಕಲು ಕೊಕ್ಕೆಯೂ ಬೇಕು. ಇಲ್ಲವಾದರೆ ನೀರು ಕಡಿಮೆಯಾದಂತೆ ಅದು ತಳಕ್ಕೆ ಕುಸಿದು ಮುದ್ದೆಯಾಗಿ ನಳಿಕೆ ಮಡಿಸಿಕೊಳ್ಳುತ್ತದೆ. ಹೆಗಲಿನ ಪಟ್ಟಿ ಅಗಲವಾಗಿರಲಿ, ಎದೆಗೆ ಅಡ್ಡಪಟ್ಟಿ ಇರಲಿ. ಸೈನ್ಯದ ಮಾದರಿಯ ಚೀಲಗಳಿಗೆ ಒರಟು ನೈಲಾನಿನ ಹೊದಿಕೆ, ಮಾಸಲು ಬಣ್ಣ, ಹೆಚ್ಚಿನ ಸಲಕರಣೆ ಸಿಕ್ಕಿಸಲು ಸಾಲುಪಟ್ಟಿಗಳು ಇರುತ್ತವೆ. ಮುಳ್ಳುಪೊದೆಯಲ್ಲಿ ತೆವಳುವವನಿಗೆ ಇವು ಬೇಕು. ಬೆಟ್ಟ ಹತ್ತಲು ಹೊರಟ ವಿದ್ಯಾರ್ಥಿಗೆ ಇವು ಬರಿಯ ತೂಕ. ಕಾಡಿನಲ್ಲಿ ದಾರಿತಪ್ಪಿದರೆ ಮಾಸಲು ಹಸುರಿಗಿಂತ ಕಿತ್ತಳೆ ಬಣ್ಣವೇ ಹುಡುಕುವವರ ಕಣ್ಣಿಗೆ ಬೀಳುತ್ತದೆ. ಆದರೆ ಸೈನ್ಯದ ಚೀಲದಿಂದ ಒಂದು ಅಂಶವನ್ನು ಎಲ್ಲರೂ ತೆಗೆದುಕೊಳ್ಳತಕ್ಕದ್ದು: ಕಚ್ಚುವ ಬಾಯಿಗೆ ಮುಚ್ಚಳ. ಚೀಲವನ್ನು ನೆಲಕ್ಕಿಟ್ಟಾಗ ಆ ಬಾಯಿ ಕೆಸರಿನಲ್ಲೋ ದನಕರು ನಿಂತ ಹಳ್ಳದ ನೀರಿನಲ್ಲೋ ಅದ್ದುತ್ತದೆ. ಮಲೆನಾಡಿನಲ್ಲಿ ಇಲಿಜ್ವರವು ಇಂಥ ನೀರಿನಿಂದಲೇ ಹರಡುತ್ತದೆಂಬುದನ್ನು ನೆನಪಿಡಬೇಕು. ಒಂದೇ ಬಾಯಿಂದ ಇಡೀ ತಂಡ ಕುಡಿಯುವುದೂ ಸಲ್ಲದು, ಎಷ್ಟೇ ಸ್ನೇಹವಿರಲಿ.

ಗಾತ್ರದ ಪ್ರಶ್ನೆಗೆ ಮರಳೋಣ. ಪ್ರತಿಯೊಬ್ಬನ ಬೆವರೂ ಬೇರೆ. ಅದನ್ನು ಮನೆಯಲ್ಲೇ ಅಳೆಯಬಹುದು. ಮೂತ್ರ ವಿಸರ್ಜಿಸಿ, ಕನಿಷ್ಠ ಉಡುಪಿನಲ್ಲಿ ತೂಕ ನೋಡಿಕೊಳ್ಳಿರಿ. ಹೊರೆ ಹೊತ್ತು ಒಂದು ಗಂಟೆ ಬಿಸಿಲಿನಲ್ಲಿ ಚುರುಕಾಗಿ ನಡೆದು, ಕುಡಿದ ನೀರನ್ನು ಅಳೆದಿಟ್ಟು, ಬೆವರನ್ನು ಒರೆಸಿಕೊಂಡು ಅದೇ ಉಡುಪಿನಲ್ಲಿ ಮತ್ತೆ ತೂಗಿರಿ. ಮೊದಲು ೫೮.೦, ಆಮೇಲೆ ೫೭.೬ ಕಿಲೊಗ್ರಾಂ, ನಡುವೆ ಕುಡಿದ ನೀರು ಕಾಲು ಲೀಟರು ಎಂದಿಟ್ಟುಕೊಳ್ಳೋಣ. ಕಳೆದ ೦.೪ಕ್ಕೆ ಕುಡಿದ ೦.೨೫ನ್ನು ಕೂಡಿಸಿದರೆ ಗಂಟೆಗೆ ೦.೬೫ ಲೀಟರು. ಆರು ಗಂಟೆಗಳ ಏರಿಗೆ ೩.೯ ಲೀಟರು. ಇದರಲ್ಲಿ ತೂಕದ ನೂರಕ್ಕೆ ಎರಡರೊಳಗಿನ ಕೊರತೆಯನ್ನು ದೇಹ ತಾಳಬಲ್ಲದು, ಆ ಪಾಲನ್ನು ಸಂಜೆ ಊಟದೊಡನೆ ತುಂಬಿಕೊಳ್ಳಬಹುದು. ಹಾಗಾಗಿ ದಾರಿಯಲ್ಲಿ ಕುಡಿಯಬೇಕಾದುದು ಮೂರು ಲೀಟರಿಗೆ ಕೊಂಚ ಕಡಿಮೆ. ಹಾದಿಯ ನಡುವಿನ ಗಿರಿಗದ್ದೆಯಂಥ ಸ್ಥಳದಲ್ಲಿ ಶುದ್ಧವಾದ ನೀರು ದೊರೆಯುವುದೆಂದು ಮೊದಲೇ ವಿಚಾರಿಸಿ ಖಚಿತಪಡಿಸಿಕೊಂಡಿದ್ದರೆ ಅಷ್ಟನ್ನೂ ಹೊರಬೇಕಾಗಿಲ್ಲ. ಬೇಸಿಗೆಯಲ್ಲಿ ಬತ್ತುವ ತೊರೆಯನ್ನು ನಂಬಿ ಹೊರಡುವುದು ಮಾತ್ರ ಬಾಯಾರಿದಾಗ ಬಾವಿ ತೋಡಿದಂತೆ.

ಹಾಗಾದರೆ ಮೂರು ಲೀಟರಿನ ಚೀಲವನ್ನೇ ಕೊಳ್ಳೋಣವೆ? ದೀರ್ಘಕಾಲ ನೀರಿನ ನೆಲೆ ಸಿಗದ ಸೈನಿಕನಿಗೆ ಅದೇ ಸರಿ. ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಬೇರೆ: ಎರಡು ಲೀಟರಿನ ಚೀಲ, ಜೊತೆಗೆ ಒಂದು ಲೀಟರಿನ ಗಟ್ಟಿ ಬಾಟಲಿ. ಚೀಲ ಬೆನ್ನ ಮೇಲಿದ್ದಾಗ ಎಷ್ಟು ಉಳಿದಿದೆಯೆಂಬುದು ಕಾಣುವುದಿಲ್ಲ. ಗುಟುಕು ಗುಟುಕಾಗಿ ಕುಡಿಯುತ್ತಿದ್ದವನಿಗೆ ನಳಿಕೆ ಬರಿದಾಗಿ ಗೊರ್ರೆಂದಾಗಲೇ ಎಚ್ಚರ. ಆಗ ಬಾಟಲಿಯ ಒಂದು ಲೀಟರು ಉಳಿದಿದ್ದರೆ ಹಿಂದಿರುಗುವ ದಾರಿ ಉಳಿದಂತೆ. ಚೀಲ ಹರಿದರೂ ಎಲ್ಲವೂ ಹೋಗುವುದಿಲ್ಲ. ತೊರೆಯ ನೀರಿಗೆ ಕ್ಲೋರಿನ್ ಗುಳಿಗೆ ಹಾಕಿ ಕಾಯಲು, ಉಪ್ಪುಸಕ್ಕರೆಯ ದ್ರಾವಣ ಕಲಸಲು ಬಾಟಲಿಯೇ ಅನುಕೂಲ.

ಉಪ್ಪಿನ ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಏಕೆಂದರೆ ನೀರಚೀಲದಿಂದ ಒದಗಬಹುದಾದ ಇನ್ನೊಂದು ಅಪಾಯವನ್ನು ಬಹು ಮಂದಿ ಅರಿಯರು. ಬೆವರೆಂದರೆ ಬರಿಯ ನೀರಲ್ಲ; ಲೀಟರಿಗೆ ಸುಮಾರು ಅರ್ಧ ಗ್ರಾಮಿನಿಂದ ಎರಡು ಗ್ರಾಮಿನವರೆಗೆ ಸೋಡಿಯಂ ಅದರೊಡನೆ ಹೊರಹೋಗುತ್ತದೆ. ಆರೋಗ್ಯವಂತನ ರಕ್ತದಲ್ಲಿ ಲೀಟರಿಗೆ ೧೩೫ರಿಂದ ೧೪೫ ಮಿಲಿಮೋಲುಗಳಷ್ಟು ಸೋಡಿಯಂ ಇರುತ್ತದೆ. ಬೆವರಿದುದಕ್ಕಿಂತ ಹೆಚ್ಚಾಗಿ ಬರಿಯ ನೀರನ್ನೇ ಕುಡಿಯುತ್ತ ಹೋದರೆ ರಕ್ತ ತೆಳುವಾಗುತ್ತದೆ. ಶ್ರಮದ ಸಮಯದಲ್ಲಿ ಮೂತ್ರಪಿಂಡಗಳು ನೀರನ್ನು ಹೊರಹಾಕುವುದನ್ನು ಕಡಿಮೆ ಮಾಡುವುದರಿಂದ ಹೆಚ್ಚಾದ ನೀರಿಗೆ ದಾರಿಯಿಲ್ಲ. ಅದು ಜೀವಕೋಶಗಳೊಳಗೆ ಸೇರುತ್ತದೆ, ಮಿದುಳು ಊದುತ್ತದೆ, ತಲೆಬುರುಡೆಯಾದರೋ ಹಿಗ್ಗುವುದಿಲ್ಲ. ತಲೆನೋವು, ವಾಂತಿ, ಮನಸ್ಸಿನ ಗೊಂದಲ, ಮಿತಿಮೀರಿದರೆ ಸೆಳವು ಮತ್ತು ಮರಣ. ಈ ಲಕ್ಷಣಗಳಲ್ಲಿ ಹಲವು ಬಿಸಿಲಿನ ಬೇನೆಯ ಲಕ್ಷಣಗಳನ್ನೇ ಹೋಲುವುದರಿಂದ ‘ಇವನಿಗೆ ಇನ್ನಷ್ಟು ನೀರು ಕುಡಿಸಿ’ ಎಂದು ಬೆಂಕಿಗೆ ತುಪ್ಪ ಸುರಿದಂತೆ ಮಾಡುವವರುಂಟು.

ಇದು ಕಲ್ಪನೆಯ ಭೀತಿಯಲ್ಲ. ಸೈನಿಕರು ಧಾರಾಳವಾಗಿ ಕುಡಿಯಬೇಕೆಂದು ಒತ್ತಾಯಿಸುತ್ತಿದ್ದ ಅಮೆರಿಕದ ಭೂಸೇನೆಯಲ್ಲಿ ೧೯೯೦ರ ದಶಕದಲ್ಲಿ ತರಬೇತಿಯ ತರುಣರು ಇದೇ ಕಾರಣದಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು. ೧೯೯೮ರಲ್ಲಿ ಆ ಸೇನೆ ತನ್ನ ನಿಯಮವನ್ನು ತಿದ್ದಿತು. ಎಷ್ಟೇ ಬಿಸಿಲಿರಲಿ, ಗಂಟೆಗೆ ಒಂದೂವರೆ ಕ್ವಾರ್ಟ್, ಎಂದರೆ ೧.೪ ಲೀಟರು, ದಿನಕ್ಕೆ ಹನ್ನೆರಡು ಕ್ವಾರ್ಟ್, ಎಂದರೆ ೧೧.೪ ಲೀಟರು ಮೀರಕೂಡದೆಂದು ಮಿತಿ ಹಾಕಿತು. ೨೦೦೨ರ ಬಾಸ್ಟನ್ ಮ್ಯಾರಥಾನಿನಲ್ಲಿ ೪೮೮ ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಡಿಯಂ ಸಹಜ ಮಟ್ಟಕ್ಕಿಂತ ಇಳಿದಿತ್ತೆಂದು ೨೦೦೫ರಲ್ಲಿ ವರದಿಯಾಯಿತು. ಓಟದ ನಂತರ ತೂಕ ಹೆಚ್ಚಿದ್ದವರಲ್ಲಿ ಇದು ವಿಶೇಷವಾಗಿ ಕಂಡಿತು. ಓಡಿ ತೂಕ ಹೆಚ್ಚಿಸಿಕೊಳ್ಳುವುದೆಂದರೆ ಕುಡಿದುದು ಬೆವರಿದುದನ್ನು ಮೀರಿತೆಂದೇ ಅರ್ಥವಷ್ಟೆ. ಬಾಯ ಬಳಿಯೇ ನಳಿಕೆ ತೂಗುತ್ತಿರುವಾಗ, ಬೇಡವಾದರೂ ಹೀರುತ್ತಿರುವ ಚಟ ಕೆಲವರಿಗೆ ಹತ್ತುತ್ತದೆ. ಮೇಲೆ ಹೇಳಿದ ತೂಕದ ಪರೀಕ್ಷೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ: ನಡಿಗೆಯ ಕೊನೆಯಲ್ಲಿ ತೂಕ ಕೊಂಚ ಇಳಿದಿರಬೇಕೇ ಹೊರತು ಏರಿರಕೂಡದು.

ಉಪ್ಪನ್ನು ತುಂಬಿಕೊಳ್ಳಲು ಬಣ್ಣದ ಪಾನೀಯಗಳೇ ಬೇಕೆಂದಿಲ್ಲ. ಬುತ್ತಿಯ ಚಿತ್ರಾನ್ನ, ಉಪ್ಪಿನಕಾಯಿ, ಹುರಿಗಡಲೆ, ಉಪ್ಪು ಹಾಕಿದ ಮಜ್ಜಿಗೆ ಇವೇ ಸಾಕು. ಭೇದಿಯಾದವನಿಗೆ ಮಾತ್ರ ಔಷಧದ ಅಂಗಡಿಯ ಓ.ಆರ್.ಎಸ್. ಪುಡಿಯನ್ನು ಅದರ ಮೇಲೆ ಬರೆದಿರುವ ಅಳತೆಯ ನೀರಿನಲ್ಲಿಯೇ ಕಲಸಬೇಕು. ೨೦೦೨ರಿಂದ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿರುವ ಸೂತ್ರದಲ್ಲಿ ಲೀಟರಿಗೆ ೨.೬ ಗ್ರಾಂ ಅಡಿಗೆಯುಪ್ಪು, ೧೩.೫ ಗ್ರಾಂ ಗ್ಲೂಕೋಸು ಇರುತ್ತವೆ. ಇದನ್ನೂ, ಪಾನಕ ಶರಬತ್ತುಗಳನ್ನೂ ಬಾಟಲಿಯಲ್ಲೇ ಇಡಿರಿ. ಚೀಲಕ್ಕೆ ಶುದ್ಧನೀರಲ್ಲದೆ ಮತ್ತೇನೂ ಬೇಡ. ಸಕ್ಕರೆಯ ಒಂದು ತೊಟ್ಟು ನಳಿಕೆಯಲ್ಲಿ ಉಳಿದರೆ ಸೂಕ್ಷ್ಮಜೀವಿಗಳಿಗೆ ಅದು ಹಬ್ಬದೂಟ.

ಕೊಂಡು ತಂದ ದಿನವೇ ಚೀಲವನ್ನು ಪೂರ್ತಿ ತುಂಬಿ, ಮುಚ್ಚಳ ಬಿಗಿದು, ಹಳೆಯ ವೃತ್ತಪತ್ರಿಕೆಯ ಮೇಲೆ ಮಲಗಿಸಿ, ಅದರ ಮೇಲೆ ನಾಲ್ಕೈದು ದಪ್ಪ ಪುಸ್ತಕಗಳನ್ನು ಹೇರಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಕಾಗದ ಒದ್ದೆಯಾಗಿದ್ದರೆ ಅಂಚಿನ ಬೆಸುಗೆಯೋ ಮುಚ್ಚಳದ ಉಂಗುರವೋ ದುರ್ಬಲವೆಂದು ತಿಳಿದು ಅಂಗಡಿಗೆ ಹಿಂದಿರುಗಿಸಬೇಕು. ಪುಸ್ತಕಗಳಿಗೆ ಬದಲು ತಾವೇ ಕುಳಿತು ಪರೀಕ್ಷಿಸುವವರೂ ಇದ್ದಾರೆ. ಬೆನ್ನುಚೀಲದ ಮೇಲೆ ಕುಳಿತುಕೊಳ್ಳುವುದು ಚಾರಣಿಗರ ಸ್ವಭಾವವೇ ಆದುದರಿಂದ ಆ ಪರೀಕ್ಷೆಯೂ ನ್ಯಾಯವಾದುದೇ. ಕೋಶದ ಬಾಯಿ ಕೈ ತೂರುವಷ್ಟು ಅಗಲವಾಗಿದೆಯೇ ಎಂಬುದನ್ನು ಕೊಳ್ಳುವಾಗಲೇ ನೋಡಿರಬೇಕು. ಕೈ ತೂರದ ಕೋಶವನ್ನು ತೊಳೆಯುವುದು ಕಷ್ಟ, ಒಣಗಿಸುವುದು ಇನ್ನೂ ಕಷ್ಟ.

ತೊಳೆಯುವುದನ್ನು ಮರುದಿನಕ್ಕೆ ಬಿಡಬೇಡಿರಿ. ತೇವವಾದ ನಳಿಕೆಯ ಒಳಗೋಡೆಯ ಮೇಲೆ ಜೀವಾಣುಗಳು ಜಾರುಜಾರಾದ ತೆಳುಪೊರೆಯನ್ನು ಕಟ್ಟುತ್ತವೆ. ಒಮ್ಮೆ ಕಟ್ಟಿದ ಮೇಲೆ ಬರಿಯ ನೀರು ಅದನ್ನು ಕದಲಿಸದು. ಉಗುರು ಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ಕೋಶದಲ್ಲಿ ತುಂಬಿ, ಕಚ್ಚುವ ಬಾಯಿಯನ್ನು ಅಮುಕಿ ಆ ನೀರು ನಳಿಕೆಯಲ್ಲಿಯೂ ನಿಲ್ಲುವಂತೆ ಮಾಡಿ, ಅರ್ಧ ಗಂಟೆಯ ಮೇಲೆ ಉದ್ದನೆಯ ಕುಂಚದಿಂದ ಉಜ್ಜಿ ತೊಳೆಯಬೇಕು. ಕುದಿಯುವ ನೀರನ್ನು ಹಾಕಿದರೆ ಬೆಸುಗೆ ಬಿಡುವ ಸಂಭವವುಂಟು. ಆಮೇಲೆ ನಳಿಕೆಯನ್ನು ಕಳಚಿ ತುದಿ ಕೆಳಗಾಗಿ ತೂಗುಹಾಕಬೇಕು. ಕೋಶದ ಎರಡು ಗೋಡೆಗಳು ಅಂಟಿಕೊಳ್ಳದಂತೆ ಒಳಗೆ ಒಂದು ಸ್ವಚ್ಛವಾದ ಮರದ ಸೌಟನ್ನು ಅಡ್ಡಲಾಗಿ ಇಟ್ಟು ನೆರಳಿನಲ್ಲಿ ಗಾಳಿಗೆ ಬಿಡಬೇಕು. ಮಳೆಗಾಲದಲ್ಲಿ ಎರಡು ದಿನವಾದರೂ ಒಣಗದಿದ್ದರೆ, ನೀರನ್ನು ಬಸಿದು ಕೋಶವನ್ನೂ ನಳಿಕೆಯನ್ನೂ ಸುರುಳಿ ಸುತ್ತಿ ಶೀತಪೆಟ್ಟಿಗೆಯ ಹಿಮದ ಅರೆಯಲ್ಲಿ ಇಟ್ಟುಬಿಡಬಹುದು. ಆ ಚಳಿಯಲ್ಲಿ ಬೂಷ್ಟು ಬೆಳೆಯುವುದಿಲ್ಲ. ಮುಂದಿನ ನಡಿಗೆಯ ದಿನ ಹೊರತೆಗೆದಾಗ ಮಾತ್ರ, ಹೆಪ್ಪುಗಟ್ಟಿ ಬಿರುಸಾದ ಪ್ಲಾಸ್ಟಿಕ್ಕನ್ನು ಕೂಡಲೇ ಬಿಡಿಸದೆ ಸ್ವಲ್ಪ ಹೊತ್ತು ಹೊರಗಿಟ್ಟು, ಮೆತ್ತಗಾದ ಮೇಲೆ ಒಮ್ಮೆ ತೊಳೆದು ತುಂಬಬೇಕು.